ಎಲ್ಲರೂ ಕೂಡಿ ಹೋಗುವ ಕ್ಷೇತ್ರ ಯಾವುದು?

ಯಾತ್ರೆಗೆ ಹೊರಡುವ ಮುನ್ನ ನಾವು ಪಂಚಾಂಗ ನೋಡುತ್ತೇವೆ, ವಾಹನ ಗೊತ್ತುಮಾಡುತ್ತೇವೆ, ಛತ್ರದಲ್ಲಿ ಕೋಣೆ ಹಿಡಿಸುತ್ತೇವೆ, ಬುತ್ತಿ ಕಟ್ಟುತ್ತೇವೆ. ಆದರೆ ಹೊರಟಿರುವ ಹದಿನೈದು ಜನರಲ್ಲಿ ಯಾರ ಕಾಲಿಗೆ ಎಷ್ಟು ಕಸುವಿದೆ, ಯಾರ ಎದೆ ಎಷ್ಟು ಏರನ್ನು ತಾಳೀತು, ಯಾರಿಗೆ ಎಷ್ಟು ಹೊತ್ತಿಗೊಮ್ಮೆ ಕೂಡಲು ನೆರಳು ಬೇಕು ಎಂಬುದನ್ನು ವಿಚಾರಿಸಿ, ಅದಕ್ಕೆ ತಕ್ಕಂತೆ ಸ್ಥಳವನ್ನು ಆರಿಸಿಕೊಳ್ಳುವ ಮನೆಗಳು ವಿರಳ. ಸ್ಥಳ ಮೊದಲು ನಿಶ್ಚಯವಾಗುತ್ತದೆ. ಜನರನ್ನು ಆಮೇಲೆ ಅದಕ್ಕೆ ಹೊಂದಿಸಲಾಗುತ್ತದೆ. ಹೊಂದದವರು ಮನೆಯಲ್ಲಿ ಉಳಿಯುತ್ತಾರೆ.

ಇದರಲ್ಲಿ ಎರಡು ಬಗೆಯ ರೂಢಿಗಳನ್ನು ನಾನು ಕಂಡಿದ್ದೇನೆ. ಗಟ್ಟಿಮುಟ್ಟಾದವರು ತಮ್ಮ ಹುರುಪಿಗೆ ತಕ್ಕ ಸ್ಥಳವನ್ನು ಆರಿಸಿ, ವೃದ್ಧರನ್ನೂ ಅಶಕ್ತರನ್ನೂ ಬೆಟ್ಟದ ಬುಡದಲ್ಲಿ ಚೀಲಗಳ ಕಾವಲಿಗೆ ಕೂರಿಸಿ ಹೋಗುವುದು ಒಂದು. ಎಲ್ಲರಿಗಿಂತ ಅಶಕ್ತರಾದವರ ನೆಪದಲ್ಲಿ ಯಾರಿಗೂ ಏನೂ ಮಾಡಲು ಇಲ್ಲದ ಸ್ಥಳಕ್ಕೆ ಹೋಗಿ, ಹುಡುಗರು ದಿನವಿಡೀ ಮೊಬೈಲು ನೋಡುತ್ತ ಕೂಡುವುದು ಇನ್ನೊಂದು. ಇವೆರಡಕ್ಕಿಂತ ಮೃದುವಾಗಿ ಕಾಣುವ, ಆದರೆ ಹೆಚ್ಚು ನೋಯಿಸುವ ಮೂರನೆಯ ರೂಢಿಯೂ ಉಂಟು. "ನಿಮಗೇಕೆ ತ್ರಾಸು? ನಾವು ಪ್ರಸಾದ ತಂದುಕೊಡುತ್ತೇವೆ" ಎಂದು ಹಿರಿಯರನ್ನು ಪ್ರೀತಿಯಿಂದಲೇ ಬಿಟ್ಟುಹೋಗುವುದು. ನಮ್ಮ ಮನೆಯಲ್ಲಿಯೂ ಈ ಮಾತು ಬಂದಿತ್ತು. ಅದು ಹೇಗೆ ಬಂತು, ಹೇಗೆ ಪರಿಹಾರವಾಯಿತು ಎಂಬುದನ್ನು ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೂರು ಊರುಗಳಲ್ಲಿ ಹಂಚಿಹೋದ ಒಂದೇ ಮನೆತನ. ಹಿರಿಯ ಮನೆ ಶಹಾಪುರದಲ್ಲಿದೆ. ನಾನು ಈ ಮನೆಯ ಹಿರಿಯ ಸೊಸೆ. ಮೈದುನರ ಸಂಸಾರ ಯಾದಗಿರಿಯಲ್ಲಿ, ನಾದಿನಿಯದು ಸುರಪುರದಲ್ಲಿ. 2023ರ ಶ್ರಾವಣದಲ್ಲಿ ಎಲ್ಲರೂ ಹಿರಿಯ ಮನೆಗೆ ಬಂದಾಗ, ಚಳಿಗಾಲದಲ್ಲಿ ಒಂದು ಯಾತ್ರೆ ಮಾಡಬೇಕೆಂಬ ಮಾತು ಎದ್ದಿತು. ಎಣಿಸಿದರೆ ಹದಿನೈದು ಜನ. ಅತ್ತೆಯವರಿಗೆ 79 ವರ್ಷ. ಎರಡೂ ಮೊಣಕಾಲು ಸವೆದಿವೆ. ನಾದಿನಿಯ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಗಿತ್ತು. ಮೈದುನರ ಮಗ ಹನ್ನೊಂದರ ಬಾಲಕ. ಹುಟ್ಟಿನಿಂದಲೇ ಎಡಗಾಲಿನಲ್ಲಿ ಬಲ ಕಡಿಮೆ, ಪಟ್ಟಿ ಕಟ್ಟಿಕೊಂಡು ನಡೆಯುತ್ತಾನೆ. ನನ್ನ ಸೊಸೆಯ ಕಂಕುಳಲ್ಲಿ ಒಂಬತ್ತು ತಿಂಗಳ ಕೂಸು. ಇವರೆಲ್ಲರ ಜೊತೆಗೆ, ಬೆಟ್ಟ ಕಂಡರೆ ಓಡುವ ವಯಸ್ಸಿನ ನಾಲ್ವರು: ನನ್ನ ಮಗಳು, ಮೈದುನರ ಮಗಳು, ನಾದಿನಿಯ ಇಬ್ಬರು ಗಂಡುಮಕ್ಕಳು.

ನಾದಿನಿಯ ಹಿರಿಯ ಮಗ, ಶ್ರೀಶೈಲಕ್ಕೇ ಹೋಗೋಣ, ಭೀಮನಕೊಳ್ಳದ ಮೆಟ್ಟಿಲು ಏರಿಯೇ ಮಲ್ಲಯ್ಯನ ದರ್ಶನ ಮಾಡೋಣ ಎಂದ. ನಾದಿನಿ ತನ್ನ ಯಜಮಾನರ ಮುಖ ನೋಡಿ ಕೂಡಲಸಂಗಮವೇ ಸಾಕೆಂದಳು. ನನ್ನ ನೆಗೆಣ್ಣಿ ಬಸವಕಲ್ಯಾಣದ ಹೆಸರು ಹೇಳಿದಳು. ನಮ್ಮ ಯಜಮಾನರು ಉಳವಿಯನ್ನು ನೆನೆದರು. ಕಡೆಗೆ ಮೈದುನರು, ತಾಯಿಯ ಮೇಲಿನ ಅಕ್ಕರೆಯಿಂದಲೇ, "ಅವ್ವಗ ಈ ವಯಸ್ಸಿನ್ಯಾಗ ಯಾಕ ತ್ರಾಸು? ಒಬ್ಬರು ಮನ್ಯಾಗ ಉಳೀತೀವಿ. ಪ್ರಸಾದ ತಂದುಕೊಟ್ಟರಾತು" ಎಂದರು.

ಅತ್ತೆಯವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ತಲೆಯೆತ್ತದೆ ಹೇಳಿದರು: "ನನ್ನ ಮೊಣಕಾಲು ನೋಯ್ತಾವಪ್ಪಾ, ಕಣ್ಣು ಕಿವಿ ಛಲೋ ಅದಾವ. ನಾ ಬರ್ತೀನೋ ಇಲ್ಲೋ ಅಂತ ನನಗ ಯಾರು ಕೇಳಿದ್ರಿ?"

ಪಡಸಾಲೆ ಸ್ತಬ್ಧವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು. ಅವರ ತಾಯಿ ಕಂಬಿಯ ಜೊತೆಗೆ ನಡೆದು ಶ್ರೀಶೈಲಕ್ಕೆ ಹೋಗಿಬಂದವರು. ಭ್ರಮರಾಂಬೆಯನ್ನು ತವರಿನ ಮಗಳೆಂದೇ ಭಾವಿಸಿ ಸೀರೆ, ಕುಪ್ಪಸ, ಅರಿಶಿನ ಕುಂಕುಮ ಒಯ್ಯುವುದು ನಮ್ಮ ಕಡೆಯ ಹೆಣ್ಣುಮಕ್ಕಳ ನಡವಳಿಕೆ. "ಮಗಳ ಮನಿಗೆ ಹೋಗಿ ಉಡಿ ತುಂಬೂದು ಒಂದು ಬಾಕಿ ಐತಿ" ಎಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಬಯಕೆಯನ್ನು ಅವರ ಬಾಯಿಂದ ನಾವು ಕೇಳಿದ್ದು ಅದೇ ಮೊದಲು.

ಬಯಕೆ ತಿಳಿದಮಾತ್ರಕ್ಕೆ ದಾರಿ ತಿಳಿದಂತಾಗಲಿಲ್ಲ. ಸ್ಥಳದ ಗುಣವನ್ನು ಅಳೆಯುವುದು ಹೇಗೆ? ಅದರ ಪಾಠ ನಮ್ಮ ಮೂರು ಊರುಗಳ ಸುತ್ತಮುತ್ತಲೇ ಇತ್ತು. ಯಾದಗಿರಿಯ ಕೋಟೆ ಊರಿಗೆ ಅಂಟಿಕೊಂಡ ಬೆಟ್ಟದ ಮೇಲಿದೆ. ಮೇಲೆ ಹೋದವರಿಗೆ ಕೊತ್ತಲಗಳು, ನೀರಿನ ಹೊಂಡಗಳು, ಕೆಳಗೆ ಹರಡಿದ ಊರು ಎಲ್ಲವೂ ಉಂಟು. ಆದರೆ ಏರುವವರಿಗೆ ಬೆಟ್ಟ, ಏರಲಾರದವರಿಗೆ ಬುಡ, ಇವೆರಡರ ನಡುವೆ ಮತ್ತೇನೂ ಇಲ್ಲ. ಹಿಂದೊಮ್ಮೆ ನಾವು ಹೋದಾಗ ಮೇಲಿನವರ ಸುದ್ದಿ ಕೆಳಗಿನವರಿಗಿಲ್ಲದೆ, ಒಂದೇ ಮನೆಯವರು ಎರಡು ಬೇರೆ ಬೇರೆ ದಿನಗಳನ್ನು ಕಳೆದು ಬಂದಂತಾಗಿತ್ತು. ಸುರಪುರದ ಕಡೆಯ ತಿಂಥಣಿ ಇದಕ್ಕೆ ತೀರ ಬೇರೆ. ಕೃಷ್ಣೆಯ ದಂಡೆಯಲ್ಲಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಸನ್ನಿಧಿ; ವೃದ್ಧರಿಗೆ ಬಲು ಹಿತ. ಆದರೆ ದರ್ಶನ ಮುಗಿದ ಮೇಲೆ ನಾಲ್ಕು ಜನ ತರುಣರು "ಇನ್ನೇನು?" ಎಂದು ಕೇಳುತ್ತಾರೆ.

ಸುರಪುರದ ಹತ್ತಿರವೇ ಇರುವ ಬೋನಾಳ ಕೆರೆಯ ಪಕ್ಷಿಧಾಮದಲ್ಲಿ ಮಾತ್ರ ನಮಗೆ ಬೇರೊಂದು ಅನುಭವವಾಗಿತ್ತು. ಚಳಿಗಾಲದಲ್ಲಿ ಹಕ್ಕಿಗಳು ಇಳಿದಾಗ, ಗಟ್ಟಿಗರು ಏರಿಯುದ್ದಕ್ಕೂ ಬಹುದೂರ ನಡೆದರು. ಅತ್ತೆಯವರು ಮರದಡಿ ಕುರ್ಚಿ ಹಾಕಿಸಿಕೊಂಡು ಅದೇ ನೀರನ್ನೂ ಅದೇ ಹಕ್ಕಿಗಳನ್ನೂ ನೋಡಿದರು. ಕಾಲಿನ ಪಟ್ಟಿಯ ಬಾಲಕ ತನ್ನಿಂದಾದಷ್ಟು ನಡೆದು ಹಿಂದಿರುಗಿದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎಲ್ಲರ ಬಾಯಲ್ಲಿಯೂ ಒಂದೇ ಮಾತು. ಶಹಾಪುರದ ನಮ್ಮ ಬೆಟ್ಟವೂ ಹಾಗೆಯೇ. ಮಲಗಿದ ಬುದ್ಧನ ಆಕಾರವು ಬೆಟ್ಟ ಹತ್ತಿದವನಿಗೆ ಕಾಣುವುದಿಲ್ಲ. ದೂರದಲ್ಲಿ ರಸ್ತೆಯ ಬದಿಗೆ ನಿಂತವನಿಗೆ ಕಾಣುತ್ತದೆ. ಕೆಲವು ದರ್ಶನಗಳು ಏರದವರಿಗೂ ದಕ್ಕುತ್ತವೆ.

ಇದೇ ವಿಚಾರವನ್ನು ಸ್ಪಷ್ಟವಾಗಿ ತಿಳಿಸಿದವನು ನನ್ನ ತಮ್ಮನ ಮಗ. ಅವನು ಅಮೆರಿಕೆಯ ಕೊಲೊರಾಡೊ ಪ್ರಾಂತ್ಯದ ಡೆನ್ವರ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ದೂರವಾಣಿಯಲ್ಲಿ ನಮ್ಮ ಚರ್ಚೆ ಕೇಳಿ ನಕ್ಕು, "ಅತ್ತಿ, ಇಲ್ಲಿ ನಾವು ಹಿಮದ ಬೆಟ್ಟಕ್ಕ ಹೋಗುವಾಗೂ ಇದೇ ಜಗಳ" ಎಂದ. ಅಲ್ಲಿ ಚಳಿಗಾಲದಲ್ಲಿ ಕನ್ನಡದ ನಾಲ್ಕಾರು ಕುಟುಂಬಗಳು ಕೂಡಿ, ಕಾಲಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆ ಹೋಗುತ್ತಾರಂತೆ. ಒಬ್ಬನಿಗೆ ಹತ್ತು ವರ್ಷದ ಅಭ್ಯಾಸ, ಇನ್ನೊಬ್ಬಳಿಗೆ ಅದೇ ಮೊದಲ ದಿನ, ಜೊತೆಗೆ ಊರಿನಿಂದ ಬಂದ ತಾಯಿತಂದೆ. ಆ ದೇಶದಲ್ಲಿ ಪ್ರತಿ ಇಳಿಜಾರಿಗೂ ಗುರುತು ಹಾಕಿರುತ್ತಾರೆ: ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರಾಕೃತಿಯೆಂದರೆ ಕಠಿಣ.

ಅವನು ಹೇಳಿದ ಎರಡು ಮಾತುಗಳು ನನ್ನ ಮನಸ್ಸಿನಲ್ಲಿ ನಿಂತವು. ಮೊದಲನೆಯದು, ಆ ಗುರುತುಗಳು ಆಯಾ ಬೆಟ್ಟದೊಳಗಿನ ಹೋಲಿಕೆಯಷ್ಟೇ. ಒಂದು ಬೆಟ್ಟದ ನೀಲಿ ಇನ್ನೊಂದರಲ್ಲಿ ಕಪ್ಪಾದೀತು. ಆದುದರಿಂದ ಗುರುತನ್ನು ನಂಬಿ ಕೂಡದೆ ಆ ಸ್ಥಳವನ್ನು ಬಲ್ಲವರನ್ನು ಕೇಳಬೇಕು. ನಮ್ಮಲ್ಲಿಯೂ "ನಾಲ್ಕೇ ಮೆಟ್ಟಿಲು" ಎನ್ನುವವನ ವಯಸ್ಸೆಷ್ಟೆಂದು ಮೊದಲು ಕೇಳಿಕೊಳ್ಳಬೇಕಲ್ಲವೇ? ಎರಡನೆಯದು, ಗುಂಪಿನಲ್ಲಿ ಎಲ್ಲ ಬಗೆಯವರಿದ್ದಾಗ, ಸುಲಭದ ದಾರಿಯೂ ಕಠಿಣದ ದಾರಿಯೂ ಒಂದೇ ಬುಡಕ್ಕೆ ಬಂದು ಸೇರುವ ಬೆಟ್ಟವನ್ನು ಆರಿಸಬೇಕು. ಜಾರಲಾರದವರೂ ತೂಗುತೊಟ್ಟಿಲಲ್ಲಿ ಕುಳಿತು ಮೇಲೆ ಹೋಗಿ ನೋಡಿ ಬರುವಂತಿರಬೇಕು. ನಮ್ಮ ದೇಶದ ಗುಲ್ಮಾರ್ಗದಲ್ಲಿಯೂ ಇದೇ ಬಗೆ: ಹೊಸಬರು ಊರಿನ ಪಕ್ಕದ ತಗ್ಗಾದ ಹಿಮದ ಬಯಲಿನಲ್ಲಿ ಕಲಿಯುತ್ತಾರೆ, ನುರಿತವರು ಎರಡು ಹಂತದ ಗೊಂಡೊಲಾದಲ್ಲಿ ಅಫರ್ವತ್ ಶಿಖರದ ಕಡೆಗೆ ಹೋಗುತ್ತಾರೆ.

ಈ ಅಳತೆಗೋಲನ್ನು ಹಿಡಿದು ನಾವು ನಮ್ಮ ಕ್ಷೇತ್ರಗಳನ್ನು ಮತ್ತೊಮ್ಮೆ ನೋಡಿದೆವು. ಅವುಗಳ ಮಹಿಮೆಯನ್ನು ತೂಗುವ ಅಧಿಕಾರ ನಮಗಿಲ್ಲ. ತೂಗಿದ್ದು ನಮ್ಮ ಹದಿನೈದು ಜನರ ಕಾಲುಗಳನ್ನು ಮಾತ್ರ. ಚನ್ನಬಸವಣ್ಣನವರ ಉಳವಿಗೆ ವಾಹನ ಹೋಗುತ್ತದೆ. ಆದರೆ ಘಟ್ಟದ ಕಾಡಿನ ತಿರುವುಗಳ ದೂರದ ಪ್ರಯಾಣ ಕೂಸಿಗೂ ಅತ್ತೆಯವರಿಗೂ ಕಷ್ಟ. ಅಲ್ಲಿನ ಗವಿಗಳು ನಡೆಯಬಲ್ಲವರಿಗೆ ಮಾತ್ರ. ಕೂಡಲಸಂಗಮ ಹತ್ತಿರ, ಸಂಗಮನಾಥನ ಗುಡಿಯ ಆವರಣ ಸಮತಟ್ಟಾಗಿದೆ. ಆದರೆ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡಲು ಬಾವಿಯಂತೆ ಗೋಡೆ ಕಟ್ಟಿರುವ ಐಕ್ಯಸ್ಥಳಕ್ಕೆ ಮೆಟ್ಟಿಲಿಳಿದೇ ಹೋಗಬೇಕು. ಮುಖ್ಯ ದರ್ಶನವೇ ಮೊಣಕಾಲಿನ ಪರೀಕ್ಷೆಯಾಗುತ್ತದೆ. ಬಸವಕಲ್ಯಾಣದಲ್ಲಿ ಸ್ಥಳಗಳು ಊರಿನ ಸುತ್ತ ಹರಡಿವೆ, ವಾಹನದಲ್ಲಿಯೇ ನೋಡಬಹುದು. 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವೇಶ್ವರ ಪ್ರತಿಮೆ ದೂರದಿಂದಲೇ ಕಾಣುತ್ತದೆ. ಅಳತೆಗೆ ಅದು ಚೆನ್ನಾಗಿಯೇ ಹೊಂದುತ್ತಿತ್ತು. ಆದರೆ ಉಡಿ ತುಂಬುವುದು ಅಲ್ಲಿ ಆಗುವಂತಿರಲಿಲ್ಲ.

ಶ್ರೀಶೈಲವೆಂದರೆ ಕಠಿಣವೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣ, ಯುಗಾದಿಯ ಮುನ್ನ ನಮ್ಮ ಭಾಗದ ಸಾವಿರಾರು ಭಕ್ತರು ನಲ್ಲಮಲದ ಕಾಡಿನಲ್ಲಿ ನಾಗಲೂಟಿ, ಪೆದ್ದಚೆರುವು ದಾಟಿ, ಭೀಮನಕೊಳ್ಳದ ಕಡಿದಾದ ಮೆಟ್ಟಿಲೇರಿ, ಕೈಲಾಸದ್ವಾರ ಹೊಕ್ಕು ಹೋಗುವುದು. ಆ ದಾರಿ ನಿಜಕ್ಕೂ ಕಪ್ಪು ಗುರುತಿನದು. ಆದರೆ ದೇವಾಲಯ ಇರುವ ಊರು ಬೆಟ್ಟದ ಮೇಲಿನ ಸಮತಟ್ಟು. ವಾಹನ ಅಲ್ಲಿಯವರೆಗೂ ಹೋಗುತ್ತದೆ. ಬೇರೆ ಬೇರೆ ಸಮಾಜದವರು ಕಟ್ಟಿಸಿದ ಛತ್ರಗಳು ಗುಡಿಯ ಸಮೀಪದಲ್ಲಿಯೇ ಇವೆ. ಪಾತಾಳಗಂಗೆಗೆ ನೂರಾರು ಮೆಟ್ಟಿಲುಗಳಿದ್ದರೂ ಪಕ್ಕದಲ್ಲಿ ಹಗ್ಗದ ಮೇಲಿನ ತೊಟ್ಟಿಲು ಉಂಟು. ಅಲ್ಲಿಂದ ಅಕ್ಕಮಹಾದೇವಿ ಗವಿಗೆ ದೋಣಿಯಲ್ಲಿ ಹೋಗಬಹುದು. ಸುಲಭ, ಮಧ್ಯಮ, ಕಠಿಣ ಮೂರೂ ದಾರಿಗಳು ಹೊರಟು ಮರಳಿ ಸೇರುವುದು ಒಂದೇ ಛತ್ರದ ಬಾಗಿಲಿಗೆ. ಎಲ್ಲಕ್ಕೂ ಮಿಗಿಲಾಗಿ, ಮುಖ್ಯ ದರ್ಶನ ಎಲ್ಲರ ಕೈಗೆಟಕುವ ನೆಲದಲ್ಲಿದೆ. ಈ ಕಡೆಯ ಅಂಶವೇ ನಮ್ಮ ನಿರ್ಧಾರಕ್ಕೆ ಆಧಾರವಾಯಿತು.

ಸಿದ್ಧತೆಯನ್ನು ನಾವು ಜನರಿಂದ ಆರಂಭಿಸಿದೆವು. ಒಂದು ಹಾಳೆಯಲ್ಲಿ ಹದಿನೈದೂ ಹೆಸರು ಬರೆದು, ಪ್ರತಿಯೊಬ್ಬರನ್ನೂ ಕೇಳಿದೆವು: ನಿಲ್ಲದೆ ಎಷ್ಟು ಹೊತ್ತು ನಡೆಯಬಲ್ಲಿರಿ? ಎಷ್ಟು ಮೆಟ್ಟಿಲು ಏರಬಲ್ಲಿರಿ? ಯಾವುದನ್ನು ಬಿಡಲಾರಿರಿ? ಈ ಮೂರನೆಯ ಪ್ರಶ್ನೆಯ ಉತ್ತರಗಳೇ ಅಮೂಲ್ಯವಾಗಿದ್ದವು. ಅತ್ತೆಯವರಿಗೆ ಉಡಿ ತುಂಬುವುದು, ಹುಡುಗರಿಗೆ ಭೀಮನಕೊಳ್ಳ, ನಾದಿನಿಯ ಯಜಮಾನರಿಗೆ ಕೃಷ್ಣೆಯ ನೀರು ತಲೆಗೆ ಹಾಕಿಕೊಳ್ಳುವುದು. ಬಾಲಕ ಮಾತ್ರ ನಾಚಿ, "ಎಲ್ಲಾರೂ ಹೋದಲ್ಲಿ ನಾನೂ ಒಂದು ಕಡೆ ಹೋಗ್ಬೇಕು, ಕಾಯ್ಕೋತ ಕೂಡೂದು ಬ್ಯಾಡ" ಎಂದ. ನಾದಿನಿಯ ಯಜಮಾನರ ವೈದ್ಯರನ್ನು ವಿಚಾರಿಸಿದೆವು. ನೆಲ ಅಂತಸ್ತಿನಲ್ಲಿಯೇ ಕೋಣೆಗಳನ್ನು ಕೇಳಿ ಪಡೆದೆವು. ಯುಗಾದಿ ಮತ್ತು ಶಿವರಾತ್ರಿಯ ಜನಸಂದಣಿಯನ್ನು ಬಿಟ್ಟು ಡಿಸೆಂಬರ್ ತಿಂಗಳನ್ನು ಆರಿಸಿದೆವು.

ಪ್ರಯಾಣವೂ ಯಾತ್ರೆಯ ಒಂದು ಭಾಗವೇ. ಯಾದಗಿರಿಯಿಂದ ನಾರಾಯಣಪೇಟೆ, ಮಹಬೂಬ್‌ನಗರ, ಜಡಚರ್ಲ, ಕಲ್ವಕುರ್ತಿಗಳ ಮೇಲೆ ಹೋದರೆ ಮುನ್ನೂರು ಕಿಲೋಮೀಟರಿನ ಸುಮಾರು ದಾರಿ. ಮನ್ನನೂರಿನಿಂದಾಚೆ ಹುಲಿ ಸಂರಕ್ಷಿತ ಅರಣ್ಯ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳನ್ನು ಬಿಡುವುದಿಲ್ಲ. ಆದುದರಿಂದ ನಸುಕಿನಲ್ಲಿಯೇ ಹೊರಟು, ಒಂದೂವರೆ ತಾಸಿಗೊಮ್ಮೆ ನಿಲ್ಲಿಸುತ್ತ, ಸಂಜೆಯ ಬೆಳಕಿರುವಾಗಲೇ ಶ್ರೀಶೈಲ ಮುಟ್ಟಿದೆವು.

ಮರುದಿನ ಬೆಳಿಗ್ಗೆ ಮೊದಲು ಎಲ್ಲರೂ ಕೂಡಿ ದರ್ಶನ ಮಾಡಬೇಕು, ಆಮೇಲೆ ದಾರಿಗಳು ಬೇರೆಯಾಗಬೇಕು ಎಂಬುದು ನಮ್ಮ ಕಟ್ಟುನಿಟ್ಟು. ಮಲ್ಲಿಕಾರ್ಜುನನ ದರ್ಶನ ಮುಗಿಸಿ ಹಿಂಬದಿಯ ಭ್ರಮರಾಂಬೆಯ ಗುಡಿಗೆ ಹೋದೆವು. ಅಲ್ಲಿ ಕೆಲವು ಮೆಟ್ಟಿಲುಗಳಿವೆ. ಅತ್ತೆಯವರು ಒಂದು ಕೈಯಲ್ಲಿ ಕಟಕಟೆ ಹಿಡಿದು, ಇನ್ನೊಂದನ್ನು ಮೊಮ್ಮಗನ ಹೆಗಲ ಮೇಲಿಟ್ಟರು. ಇಬ್ಬರ ನಡಿಗೆಯೂ ಒಂದೇ ಲಯದ್ದು. ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಏರಿದರು. ಹಿಂದಿನವರೆಲ್ಲ ಅವರ ವೇಗಕ್ಕೆ ನಡೆದೆವು. ಹಸಿರು ಇಳಕಲ್ ಸೀರೆ, ಕುಪ್ಪಸ, ಕೊಬ್ಬರಿ, ಅರಿಶಿನ ಕುಂಕುಮಗಳನ್ನು ಅರ್ಚಕರ ಕೈಗಿತ್ತು, ಅತ್ತೆಯವರು ಸೆರಗೊಡ್ಡಿ ಬಹಳ ಹೊತ್ತು ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಮೈದುನರು ತಾಯಿಯ ಹಿಂದೆ ನಿಂತಿದ್ದರು. ಏನೂ ಮಾತನಾಡಲಿಲ್ಲ, ಕೆಳಗಿಳಿಯುವಾಗ ಅವರೇ ತಾಯಿಯ ಕೈ ಹಿಡಿದುಕೊಂಡರು.

ಅನಂತರ ಮೂರು ತಂಡಗಳಾದವು. ನಾಲ್ವರು ತರುಣರು ಕೈಲಾಸದ್ವಾರದವರೆಗೆ ಜೀಪಿನಲ್ಲಿ ಹೋಗಿ, ಭೀಮನಕೊಳ್ಳಕ್ಕೆ ಇಳಿದು ಮತ್ತೆ ಏರಿ ಬಂದರು. ಹಿರಿಯರು, ಕೂಸು, ಸೊಸೆ ತೊಟ್ಟಿಲಿನಲ್ಲಿ ಕುಳಿತು ಪಾತಾಳಗಂಗೆಗೆ ಇಳಿದು ಕೃಷ್ಣೆಯನ್ನು ಮುಟ್ಟಿ ಮರಳಿದರು. ಸಂಜೆ ದೇವಾಲಯದ ಎತ್ತರದ ಪ್ರಾಕಾರದ ಗೋಡೆಯ ಮೇಲಿನ ಆನೆ, ಕುದುರೆ, ಬೇಟೆಯ ಕೆತ್ತನೆಗಳನ್ನು ನಿಧಾನವಾಗಿ ನೋಡಿದರು.

ನಾನು ಬಾಲಕನೊಡನೆ, ಅವನ ತಾಯಿತಂದೆಯರೊಡನೆ ದೋಣಿಯ ತಂಡದಲ್ಲಿದ್ದೆ. ಎರಡೂ ಕಡೆ ಕಾಡು, ನಡುವೆ ಶಾಂತವಾದ ನೀರು. ದೋಣಿಯಿಂದಿಳಿದು ಗವಿಯವರೆಗಿನ ಏರನ್ನು ಅವನು ನಿಂತು ನಿಂತು ಹತ್ತಿದ. ಗವಿಯ ಒಳದಾರಿ ಕತ್ತಲೆ ಮತ್ತು ಇಕ್ಕಟ್ಟು. ಬಗ್ಗಿ, ಕೆಲವೆಡೆ ಮೈಯನ್ನು ಮಗ್ಗುಲಾಗಿಸಿ, ಕಲ್ಲನ್ನು ಕೈಯಿಂದ ಹಿಡಿಯುತ್ತ ಸಾಗಬೇಕು. ಅಲ್ಲಿ ನೆಟ್ಟಗೆ ನಡೆಯುವವನ ಬಿಗುಮಾನ ನಡೆಯದು. ಊರುಗೋಲನ್ನೂ ಗೋಡೆಯನ್ನೂ ಹಿಡಿದೇ ಬೆಳೆದ ಅವನ ತೋಳುಗಳಿಗೆ ಆ ದಾರಿ ನಮಗಿಂತ ಸುಲಭವಾಯಿತು. ನಾನು ಏದುಸಿರು ಬಿಡುತ್ತ ಲಿಂಗದ ಬಳಿ ಮುಟ್ಟುವ ಮೊದಲೇ ಅವನು ಅಲ್ಲಿ ಕುಳಿತು, "ಅಮ್ಮಾ, ತಲಿ ತಗ್ಗಸ್ರಿ, ಮ್ಯಾಲ ಕಲ್ಲದ" ಎಂದು ದೊಡ್ಡಮ್ಮನಾದ ನನಗೆ ದಾರಿ ಹೇಳುತ್ತಿದ್ದ. ಅಶಕ್ತರೆಂದು ನಾವು ಹಾಳೆಯಲ್ಲಿ ಬರೆದಿಟ್ಟವರು ಯಾವ ದಾರಿಯಲ್ಲಿ ಮುಂದಾಗುವರೋ ಹೇಳಬರುವುದಿಲ್ಲ. ಅದಕ್ಕಾಗಿಯೇ ಒಂದಕ್ಕಿಂತ ಹೆಚ್ಚು ದಾರಿಗಳಿರುವ ಸ್ಥಳ ಬೇಕು.

ರಾತ್ರಿ ಛತ್ರದ ಅಂಗಳದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಿಚ್ಚಿ ಕುಳಿತಾಗ ಮೂರೂ ತಂಡಗಳ ಕಥೆಗಳು ಒಂದೆಡೆ ಸೇರಿದವು. ಅತ್ತೆಯವರು ಭೀಮನಕೊಳ್ಳದ ಮೆಟ್ಟಿಲುಗಳ ಬಗ್ಗೆ ಒಂದೊಂದಾಗಿ ಕೇಳಿದರು; ಅವರ ತಾಯಿ ಹೇಳಿದ್ದ ನೀರಿನ ತಾಣವನ್ನು ಮೊಮ್ಮಕ್ಕಳು ಕಂಡುಬಂದಿದ್ದರು. ತಮ್ಮ ಕಾಲು ನಡೆಯದ ದಾರಿಯನ್ನು ಅವರು ಹೀಗೆ ಕಿವಿಯಿಂದ ನಡೆದರು.

ಓದುಗ ಬಂಧುಗಳು ತಮ್ಮ ಮನೆಯ ಯಾತ್ರೆಗೆ ಸ್ಥಳ ಆರಿಸುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕೆಂದು ವಿನಂತಿ. ಮೊದಲು ಜನರನ್ನು ಕೇಳಿ, ಆಮೇಲೆ ಸ್ಥಳವನ್ನು ನಿಶ್ಚಯಿಸಿ. ಹಿರಿಯರ ಪರವಾಗಿ ಬೇರೆಯವರು ಉತ್ತರ ಹೇಳಬಾರದು. ಎಲ್ಲಕ್ಕಿಂತ ಮುಖ್ಯವಾದ ದರ್ಶನ ಎಲ್ಲರಿಗೂ ಸಿಗುವಂತಿದೆಯೇ ಎಂದು ನೋಡಿ. ಉಳಿದ ದಾರಿಗಳಲ್ಲಿ ಬೇರೆ ಬೇರೆಯಾದರೂ ಅಡ್ಡಿಯಿಲ್ಲ. ಇತ್ತೀಚೆಗೆ ಅಲ್ಲಿಗೆ ಹೋಗಿಬಂದವರಲ್ಲಿ, ನಿಮ್ಮ ಮನೆಯ ಹಿರಿಯರ ವಯಸ್ಸಿನವರನ್ನೇ ಹುಡುಕಿ ವಿಚಾರಿಸಿ. ತೊಟ್ಟಿಲು, ದೋಣಿ ಆ ದಿನಗಳಲ್ಲಿ ನಡೆಯುತ್ತಿವೆಯೇ ಎಂದು ಮೊದಲೇ ತಿಳಿದುಕೊಳ್ಳಿ. ನೀರು ಮತ್ತು ಹವೆಯನ್ನು ನೋಡಿ ಅವು ನಿಲ್ಲುವುದುಂಟು. ಪ್ರತಿ ತಂಡದಲ್ಲಿಯೂ ಔಷಧಿಯ ವಿಷಯ ಬಲ್ಲವರೊಬ್ಬರಿರಲಿ. ಮರಳಿ ಸೇರುವ ಸ್ಥಳ, ಹೊತ್ತು ಎರಡನ್ನೂ ಎಲ್ಲರಿಗೂ ಹೇಳಿಡಿ, ಮತ್ತು ಆ ದಿನದ ಒಂದು ಊಟವನ್ನಾದರೂ ಎಲ್ಲರೂ ಕೂಡಿಯೇ ಮಾಡಿ.

ದಾಸೋಹದ ಪಂಕ್ತಿಯಲ್ಲಿ ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಡಿಸುವುದು ನಮ್ಮ ಮನೆಗಳ ನಡತೆ. ಅವರನ್ನು ಪಂಕ್ತಿಯಿಂದ ಎಬ್ಬಿಸುವುದೂ ಇಲ್ಲ, ಎಲ್ಲರ ರೊಟ್ಟಿಯನ್ನು ನೆನೆಸುವುದೂ ಇಲ್ಲ. ಯಾತ್ರೆಗೂ ಅದೇ ನಡತೆ ಸಲ್ಲುತ್ತದೆ. ನಮ್ಮ ಮನೆಯಲ್ಲಿ ಆ ಹದಿನೈದು ಹೆಸರಿನ ಹಾಳೆ ಇನ್ನೂ ಇದೆ. ಮುಂದಿನ ಯಾತ್ರೆಯ ವಿಚಾರ ಬಂದಾಗ ಅದನ್ನು ಹೊಸದಾಗಿ ಬರೆಯುವ ಕೆಲಸವನ್ನು ಮೈದುನರ ಮಗ ತಾನಾಗಿಯೇ ವಹಿಸಿಕೊಂಡಿದ್ದಾನೆ. ಮೊದಲ ಪ್ರಶ್ನೆಯನ್ನು ಅವನು ಅಜ್ಜಿಗೇ ಕೇಳುತ್ತಾನೆ.